ಮುಂದಿನ ಸೀಟಿನ ಸಾಕ್ಷಿ

“ತಮ್ಮಾ, ನಿಮಗ ರಕ್ಷಣಾ ಆಗೇದೇನ್ರಿ?”

ಈ ಪ್ರಶ್ನೆ ಬಂದಾಗ ನಮ್ಮ ಟ್ಯಾಕ್ಸಿ ಅಬುಧಾಬಿ ಹೈವೇಯಲ್ಲಿ ನೂರಾ ಮೂವತ್ತರ ಮೇಲೆ ಓಡುತ್ತಿತ್ತು. ನಾನು ಸೀಟ್ ಬೆಲ್ಟ್ ಮುಟ್ಟಿ ನೋಡಿಕೊಂಡೆ. (ನಗಬೇಡಿ. ರಕ್ಷಣೆ ಎಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಅಷ್ಟೇ.)

ಅದು ದುಬೈನಿಂದ ಅಬುಧಾಬಿಗೆ ಹೊರಡುವ ಶೇರ್ ಟ್ಯಾಕ್ಸಿ. ಆಫೀಸಿನ ಕೆಲಸಕ್ಕೆಂದು ಅಲ್ ನಹ್ದಾದ ರೂಮಿನಿಂದ ಬೆಳಿಗ್ಗೆಯೇ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ನಾನು, ಪ್ರಶ್ನೆ ಕೇಳಿದ ಈ ನರ್ಸ್, ಆಚೆ ಕಿಟಕಿಗೆ ಒರಗಿ ನಿದ್ದೆಹೋದ ಫಿಲಿಪಿನೋ ಹುಡುಗಿ. ಮುಂದೆ ಪೇಶಾವರದ ಡ್ರೈವರ್. ಅವನ ಪಕ್ಕದಲ್ಲಿ ದಪ್ಪ ಮೀಸೆಯ ಒಬ್ಬ ಹಿರಿಯರು. ಹತ್ತುವಾಗ ಡ್ರೈವರ್ ಜೊತೆ ಸೊಗಸಾದ ಹಿಂದಿಯಲ್ಲಿ ನಾಲ್ಕು ಮಾತಾಡಿ ಸುಮ್ಮನಾದವರು. ಲಖನೌ ಕಡೆಯವರು ಎಂದು ತೀರ್ಮಾನಿಸಿದೆ. ತೀರ್ಮಾನಿಸುವುದರಲ್ಲಿ ನಾನು ಯಾವಾಗಲೂ ಫಾಸ್ಟ್.

ನರ್ಸ್ ಹೆಸರು ಕರುಣಕ್ಕ ಎಂದಿಟ್ಟುಕೊಳ್ಳಿ. ನಿಜವಾದ ಹೆಸರು ಬೇರೆ. ಊರು ಗದಗಿನ ಹತ್ತಿರ ಎಂದಿಟ್ಟುಕೊಳ್ಳಿ, ಅದೂ ಬೇರೆ. ಆಸ್ಪತ್ರೆ ಯಾವುದೆಂದು ಕೇಳಲೇಬೇಡಿ. ಈ ಪತ್ರಿಕೆ ಇಲ್ಲಿಗೂ ಬರುತ್ತದೆ, ಯಾರದೋ ಸೂಟ್‌ಕೇಸಿನಲ್ಲಿ, ಚಕ್ಕುಲಿಯ ಎಣ್ಣೆ ಕುಡಿದುಕೊಂಡು.

ಯಾಕಿಷ್ಟು ಹೆದರಿಕೆ? ಇಲ್ಲಿ ಚರ್ಚ್ ಇದೆ, ಪ್ರಾರ್ಥನೆಗೆ ಯಾರದೂ ಅಡ್ಡಿಯಿಲ್ಲ. ಆದರೆ ಚರ್ಚಿನ ಕಾಂಪೌಂಡಿನ ಹೊರಗೆ, ಅದರಲ್ಲೂ ಮುಸಲ್ಮಾನರಿಗೆ, ನಿಮ್ಮ ದೇವರ ವಿಷಯ ಹೇಳಹೊರಟಿರೋ, ಕೆಲಸ ಖಲಾಸ್. ವೀಸಾ ಖಲಾಸ್. ಕರುಣಕ್ಕನ ಗಂಡ, ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು, ಇಬ್ಬರೂ ಇರುವುದು ಅವರ ವೀಸಾದ ಮೇಲೆಯೇ. ಒಬ್ಬರು ಬಾಯಿ ತಪ್ಪಿದರೆ ಮೂವರು ವಿಮಾನ ಹತ್ತಬೇಕು.

ಇದೆಲ್ಲ ಅವರೇ ಹೇಳಿದ್ದು. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದನ್ನು ಕೇಳಿ ಕನ್ನಡದವನೆಂದು ಗುರುತು ಹಿಡಿದಿದ್ದರು. ಊರು, ಕೆಲಸ, ಬಾಡಿಗೆ ಎಲ್ಲ ಮುಗಿದ ಮೇಲೆ ದನಿ ಇಳಿಸಿ ಆ ರಕ್ಷಣೆಯ ಪ್ರಶ್ನೆ ಕೇಳಿದರು. ಯೇಸು ನನ್ನ ಪಾಪಗಳಿಂದ ನನ್ನನ್ನು ಬಿಡಿಸಿದ್ದಾನೆಯೇ ಎಂದು ಅದರ ಅರ್ಥವಂತೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಹೊತ್ತುಕೊಂಡು ಬಂದವನಿಗೆ ಇಂಥ ಪ್ರಶ್ನೆ ಸಿಕ್ಕರೆ ಬಿಡುತ್ತಾನೆಯೇ? ಆದರೆ ಆಕೆಯ ಪಿಸುಮಾತು ಎಂಜಿನ್ ಸದ್ದಿನಲ್ಲಿ ಕೇಳುತ್ತಲೇ ಇರಲಿಲ್ಲ.

“ಜೋರಾಗೇ ಮಾತಾಡಿ ಅಕ್ಕಾ,” ಎಂದೆ. “ಈ ಗಾಡೀಲಿ ಕನ್ನಡ ಯಾರಿಗೆ ಅರ್ಥ ಆಗುತ್ತೆ?”

ನಾವೆಲ್ಲ ಹೀಗೆಯೇ ಅಲ್ಲವೇ? ಲಿಫ್ಟಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಬಾಸ್ ಎದುರಿಗೇ ಬಾಸನ್ನು ಬೈಯುವಾಗ, ಕನ್ನಡ ಎಂದರೆ ನಮಗೆ ಒಳಗಿನಿಂದ ಚಿಲಕ ಹಾಕಿದ ಕೋಣೆ.

ಕರುಣಕ್ಕ ದನಿ ಎತ್ತರಿಸಿದರು. ನಾನು ವಾದ ಶುರು ಮಾಡಿದೆ. ದೇವರಿದ್ದಾನೆ ಎನ್ನುವುದಕ್ಕೆ ಸಾಕ್ಷಿ ಏನು?

“ನಾನ ಸಾಕ್ಷಿ,” ಎಂದರು.

ಬಂದ ಹೊಸದರಲ್ಲಿ ಹಾಸ್ಟೆಲ್ ರೂಮಿನ ಗೋಡೆ ನೋಡುತ್ತ ಊಟ ಬಿಟ್ಟು ಕೂತಿದ್ದರಂತೆ. ಅಲ್ಲಿಂದ ಎಬ್ಬಿಸಿದ್ದು ಯೇಸುವಂತೆ. ಅದು ಸಾಕ್ಷಿಯಲ್ಲ, ನಿಮ್ಮ ಅನುಭವ ಎಂದೆ. ತಮ್ಮ ಚರ್ಚಿನ ಸಭೆಯಲ್ಲಿ ಅದಕ್ಕೇ ಸಾಕ್ಷಿ ಎನ್ನುತ್ತಾರೆ, ಎದ್ದು ನಿಂತು ತನಗಾದದ್ದನ್ನು ಹೇಳುವುದೇ ಸಾಕ್ಷಿ ಎಂದರು. ನನ್ನ ಡಿಬೇಟಿನಲ್ಲಿ ಸಾಕ್ಷಿ ಎಂದರೆ ಎದುರಾಳಿಯಿಂದ ಕೇಳಿ ಪಡೆಯುವಂಥದ್ದು. ಒಂದೇ ಪದ ಹಿಡಿದುಕೊಂಡು ಇಬ್ಬರೂ ಜೆಬೆಲ್ ಅಲಿ ದಾಟಿದೆವು.

ದೊಡ್ಡ ಪ್ರಶ್ನೆ ಬಗ್ಗದಿದ್ದರೆ ಸಣ್ಣ ಸಣ್ಣ ಪ್ರಶ್ನೆ ಕೇಳಬೇಕು. ಡಿಬೇಟಿನ ಹಳೆಯ ಪಟ್ಟು. ಹೌದು, ಅಲ್ಲ ಎಂದಷ್ಟೇ ಹೇಳುವಂಥವು.

ಇದನ್ನೆಲ್ಲ ಆಸ್ಪತ್ರೆಯಲ್ಲೂ ಹೇಳುತ್ತೀರಾ ಎಂದು ಕೇಳಿದೆ. ಕೇಳಿದವರಿಗೆ ಹೇಳುತ್ತೇನೆ ಎಂದರು. ಮುಸ್ಲಿಂ ಪೇಶಂಟುಗಳಿಗೂ?

ಕರುಣಕ್ಕ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡರು.

“ಆಪರೇಶನ್ನಿಗೆ ಒಯ್ಯೂ ಮುಂದ ಒಬ್ಬಾಕಿ ಅಜ್ಜಿ ಕೈ ಹಿಡಕೊಂಡ್ಳು. ಅಂಜಿಕಿ ಆದ್ರ ನೀ ಯಾರನ್ನ ಕರೀತಿ ಅಂತ ಕೇಳಿದ್ಳು. ಯೇಸುನ ಹೆಸರು ಹೇಳಿದ್ನಿ. ಆಕೀ ಸಲುವಾಗಿ ಪ್ರಾರ್ಥನಾನೂ ಮಾಡಿದ್ನಿ.”

“ಅಂದ್ರೆ ಹೌದು ಅಂತಾಯ್ತು?”

“ಹೌದ್ರಿ.”

ಗೆದ್ದೆ ಅನ್ನಿಸಿತು. ಮಂಚದ ಮೇಲೆ ಮಲಗಿದ ಮುದುಕಿಗೆ ಎದ್ದು ಹೋಗುವ ಅವಕಾಶವಿಲ್ಲ, ಅಲ್ಲಿ ನಿಮ್ಮ ದೇವರನ್ನು ತರುವುದು ಅನ್ಯಾಯ ಎಂಬ ಮುಂದಿನ ಪಾಯಿಂಟು ನಾಲಿಗೆಯ ತುದಿಯಲ್ಲಿತ್ತು. ಆಗ ಮುಂದಿನ ಸೀಟಿನ ಹಿರಿಯರ ಮೊಬೈಲ್ ಹೊಡೆದುಕೊಂಡಿತು.

“ಹಾಂ, ಹೇಳು ಮಾರಾಯ. ಹಮ್ದಾನ್ ಸ್ಟ್ರೀಟಿನ ಹತ್ರ ಇಳೀತೇನೆ. ಇಲ್ಲ ಇಲ್ಲ, ದಾರಿಯಲ್ಲಿ ಬೋರ್ ಏನೂ ಆಗ್ಲಿಲ್ಲ.”

ಕನ್ನಡ. ಶುದ್ಧ ಮಂಗಳೂರು ಕನ್ನಡ.

ಸ್ಪೀಡ್ ಮಿತಿ ಮೀರಿದರೆ ಇಲ್ಲಿಯ ಕಾರುಗಳು ಟಿಂಗ್ ಟಿಂಗ್ ಎನ್ನುತ್ತವೆ. ದುಬೈ ಬಿಟ್ಟಾಗಿನಿಂದ ಅದು ಬಡಿದುಕೊಳ್ಳುತ್ತಲೇ ಇತ್ತು. ನನ್ನ ಕಿವಿಗೆ ಬಿದ್ದದ್ದು ಈಗ.

ಕರುಣಕ್ಕ ಮಡಿಲಿನಲ್ಲಿದ್ದ ಬ್ಯಾಗಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ತುಟಿ ಸದ್ದಿಲ್ಲದೆ ಆಡುತ್ತಿತ್ತು. ಇವರು ಯಾರು? ಹಿಂದೂವೋ, ಬ್ಯಾರಿ ಮುಸಲ್ಮಾನರೋ, ಕೊಂಕಣಿ ಕ್ಯಾಥೊಲಿಕ್ಕರೋ? ಎರಡು ಮಾತು ಕೇಳಿದರೆ ಜಾತಿ ಹೇಳುವ ನಮ್ಮೂರ ಕಿವಿ ಅವತ್ತು ಕೈಕೊಟ್ಟಿತು. ಗೊತ್ತಾದರೂ ಏನು ಪ್ರಯೋಜನ? ಪೊಲೀಸರಿಗೆ ಒಂದು ಫೋನ್ ಮಾಡಲು ಯಾರಾದರೇನು? ಸಾಕ್ಷಿ, ಸಾಕ್ಷಿ ಎಂದು ಬಡಿದುಕೊಂಡೆನಲ್ಲ. ತೆಗೆದುಕೋ, ಮುಂದಿನ ಸೀಟಿನಲ್ಲೇ ಕೂತಿದ್ದಾರೆ.

ಅಬುಧಾಬಿ ಬಂತು. ಫಿಲಿಪಿನೋ ಹುಡುಗಿ ಮೊದಲು ಇಳಿದಳು. ಹಮ್ದಾನ್ ಸ್ಟ್ರೀಟಿನಲ್ಲಿ ಗಾಡಿ ನಿಂತಿತು. ಹಿರಿಯರು ಬಾಗಿಲು ತೆಗೆದು, ಇಳಿಯದೆ, ಹಿಂದೆ ತಿರುಗಿದರು.

“ಸಿಸ್ಟರ್ ಯಾವ ಆಸ್ಪತ್ರೆ?”

ನಾನು ನಡುವೆ ಬಾಯಿ ಹಾಕಿದೆ. ಇವರಿಗೆ ಇನ್ನೂ ಕೆಲಸವಿಲ್ಲ, ವಿಸಿಟ್ ವೀಸಾದಲ್ಲಿ ಬಂದಿದ್ದಾರೆ, ಸುಮ್ಮನೆ ಊರಿನ ಕಥೆ ಹೇಳುತ್ತಿದ್ದರು ಎಂದೆಲ್ಲ ಬಡಬಡಿಸಿದೆ. ನರ್ಸ್ ಯೂನಿಫಾರ್ಮಿನಲ್ಲಿ ಕೂತವರನ್ನು ತೋರಿಸಿಕೊಂಡು.

ಕರುಣಕ್ಕ ಆಸ್ಪತ್ರೆಯ ಹೆಸರು ಹೇಳಿದರು. ಕೇಳದಿದ್ದರೂ ವಾರ್ಡಿನ ಹೆಸರನ್ನೂ ಹೇಳಿದರು.

ಹಿರಿಯರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಕರುಣಕ್ಕನಿಗೆ ಹೇಳಿದರು: “ಈ ಹುಡುಗನ ಹತ್ರ ಜಾಗ್ರತೆ ಮಾಡಿ ಸಿಸ್ಟರ್. ಕೇಳಿದ್ದಕ್ಕೆಲ್ಲ ಹೌದು ಹೇಳ್ಬೇಡಿ.”

ಬಾಗಿಲು ಮುಚ್ಚಿಕೊಂಡಿತು. ಯಲ್ಲಾ ಎಂದು ಡ್ರೈವರ್ ಗಾಡಿ ಎತ್ತಿದ.

ಅದು ಬುದ್ಧಿಮಾತೋ, ಬೆದರಿಕೆಯೋ? ಎರಡೂ ಕಡೆಯಿಂದ ವಾದಿಸಿ ನೋಡಿದ್ದೇನೆ. ಎರಡೂ ಕಡೆ ಗೆಲ್ಲುತ್ತೇನೆ. ಬುದ್ಧಿಮಾತಾಗಿದ್ದರೆ ಆಸ್ಪತ್ರೆಯ ಹೆಸರು ಯಾಕೆ ಬೇಕಿತ್ತು?

ನಿಜ ಯಾಕೆ ಹೇಳಿದಿರಿ ಎಂದು ಕರುಣಕ್ಕನನ್ನು ಕೇಳಿದೆ. ಭಯ ಆಗಲಿಲ್ಲವೇ?

“ಆತು ತಮ್ಮಾ. ಕಾಲು ಇನ್ನೂ ನಡಗಾಕತ್ತಾವ ನೋಡ್ರಿ. ಆದ್ರ ದವಾಖಾನಿ ಹೆಸರ ಸುಳ್ಳ ಹೇಳಿದ್ರ, ಇಷ್ಟೊತ್ತನ ನಿಮಗ ಹೇಳಿದ್ದೂ ಸುಳ್ಳ ಅಂತ ನೀವ ವಾದ ಮಾಡ್ತಿದ್ರಿ.”

ಮಾಡುತ್ತಿದ್ದೆ. ಇಳಿಯುವಾಗ, ಶುಕ್ರವಾರ ಸಭೆಗೆ ಬರ್ರಿ ಎಂದು ಕರೆದೇ ಹೋದರು. (ಇಲ್ಲಿ ರಜೆ ಶುಕ್ರವಾರ. ಹಾಗಾಗಿ ಇವರ ಭಾನುವಾರವೂ ಶುಕ್ರವಾರವೇ.)

ನನ್ನ ಪಾಯಿಂಟು ನಾನು ಬಿಟ್ಟಿಲ್ಲ. ಆಪರೇಶನ್ನಿಗೆ ಹೊರಟವಳ ಮಂಚದ ಬಳಿ ನರ್ಸ್ ತನ್ನ ದೇವರನ್ನು ತರಬಾರದು. ಅಪರಿಚಿತರನ್ನು ರಕ್ಷಣೆ ಆಗಿದೆಯೇ ಎಂದು ಕೇಳುವುದೂ ನನಗೆ ಕಿರಿಕಿರಿಯೇ. ಆದರೆ ತಪ್ಪು ವಾದಕ್ಕೆ ಉತ್ತರ ಇನ್ನೊಂದು ವಾದ, ಮೂವರಿಗೆ ಒನ್‌ವೇ ಟಿಕೆಟ್ ಅಲ್ಲ. ಬಾಡಿಗೆ, ವೀಸಾ, ಚಿನ್ನದ ರೇಟು ಬಿಟ್ಟು ಬೇರೆ ಮಾತೇ ಆಡದ ನಮ್ಮ ನಡುವೆ, ತನಗೆ ನಿಜವೆನಿಸಿದ್ದನ್ನು ನಡುಗುತ್ತಲೇ ಹೇಳುವ ಒಬ್ಬರು ಸಿಕ್ಕರು. ಅವರನ್ನು ನಾನು ಏನು ಮಾಡಿದೆ? ಅಡ್ಡಪ್ರಶ್ನೆ ಕೇಳಿ ತಪ್ಪೊಪ್ಪಿಗೆ ತೆಗೆದುಕೊಟ್ಟೆ, ಜೋರಾಗಿ ಹೇಳಿ ಎಂದು ಬೇರೆ ಹೇಳಿ.

ಶುಕ್ರವಾರದ ಸಭೆಗೆ ನಾನು ಹೋಗಿಲ್ಲ. ಹೋಗುವವನೂ ಅಲ್ಲ. ಆದರೆ ಅಂದಿನಿಂದ ಪ್ರತಿ ಶನಿವಾರ, ವಾರದ ಕೆಲಸ ಶುರುವಾಗುತ್ತಿದ್ದಂತೆ, ಆ ಆಸ್ಪತ್ರೆಗೆ ಫೋನ್ ಮಾಡುತ್ತೇನೆ. ರಿಸೆಪ್ಷನ್ ಹುಡುಗಿ ವಾರ್ಡಿಗೆ ಕನೆಕ್ಟ್ ಮಾಡಿ ಅವರನ್ನು ಕರೆಸುವವರೆಗೆ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಕರುಣಕ್ಕನ “ಹಲೋ” ಕೇಳಿದ ಕೂಡಲೇ, ಮಾತಾಡದೆ, ಇಟ್ಟುಬಿಡುತ್ತೇನೆ.

ಒಂದು ವಾರವೂ ತಪ್ಪಿಸದೆ, ಕಣ್ಣಿಗೆ ಕಾಣದ ಒಂದು ದನಿಗಾಗಿ ಹೀಗೆ ಹೆದರಿ ಕಾಯುವುದಕ್ಕೆ ನಮ್ಮ ನಾಸ್ತಿಕರ ಭಾಷೆಯಲ್ಲಿ ಏನನ್ನುತ್ತಾರೆ?