ಶಾಸಕರ ಬೆಂಬಲಕ್ಕೆ ಪಾಲಕರ ಸಹಿ

ಸಲಿಂಗಪ್ರೇಮ ಎನ್ನುವುದು ಸಾಫ್ಟ್‌ವೇರ್ ಕಂಪನಿಗಳ ಜೊತೆ ಊರಿಗೆ ಬಂದ ರೋಗವೆಂದು ಶಾಸಕರೊಬ್ಬರು ಭಾಷಣ ಮಾಡಿದ್ದರು. ಕೆಲವರು ಅವರ ಪ್ರತಿಕೃತಿ ಸುಟ್ಟರು. ಇನ್ನು ಕೆಲವರು ಬೆಂಬಲದ ಪತ್ರ ಹಿಡಿದು ಮನೆಮನೆಗೆ ಹೊರಟರು. ನಾರಾಯಣಗೂಡದ ನಮ್ಮ ಮನೆಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿ ಬಸವರಾಜ. ಈಗ ಪಕ್ಷದ ಕಾರ್ಯಕರ್ತ.

“ಒಂದು ಸಹಿ ಹಾಕ್ರಿ ಸರ್. ನಮ್ಮ ಓಣ್ಯಾಗ ಅಂಥವರು ಒಬ್ಬರೂ ಇದ್ದಿಲ್ಲಂತ ಬರದೀವಿ.”

ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಕೈಯಲ್ಲಿದ್ದ ಕೆಂಪು ಪೆನ್ನು ಅವನ ಪತ್ರದ ಆ ಸಾಲಿನ ಕೆಳಗೆ ಗೆರೆ ಎಳೆದೇಬಿಟ್ಟಿತು.

“ಇದು ತಪ್ಪು. ನನ್ನ ತಮ್ಮ ಮತ್ತು ಅವನ ಸಂಗಾತಿ ಈ ಮನೆಯ ಮಹಡಿಯಲ್ಲೇ ಹದಿನೆಂಟು ವರ್ಷ ಬಾಳಿದರು. ಅವರು ಬಂದಾಗ ಇಲ್ಲಿ ಯಾವ ಕಂಪನಿಯೂ ಇರಲಿಲ್ಲ.”

ತಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಈ ಮಾತನ್ನು ಅದುವರೆಗೆ ಯಾರೆದುರೂ ಆಡಿರಲಿಲ್ಲ. ಆಡಿದ್ದನ್ನು ಮುಚ್ಚಿಕೊಳ್ಳಲು ಹೋಗಿ ತರಗತಿಯ ಮಾತೇ ಬಾಯಿಗೆ ಬಂತು.

“ತಿದ್ದಿ ಬರೆದು, ಪಾಲಕರ ಸಹಿ ಮಾಡಿಸಿಕೊಂಡು ಬಾ.”

ಮೂವತ್ತು ದಾಟಿದ ಬಸವರಾಜ “ಆತ್ರಿ ಸರ್” ಎಂದು ಹೊರಟುಹೋದ.

ಮರುದಿನ ತಲೆ ತಗ್ಗಿಸಿ ಬಾಗಿಲಲ್ಲಿ ನಿಂತ.

“ಅವ್ವ ಸಹಿ ಹಾಕವಲ್ಲಳ್ರಿ ಸರ್. ‘ನಿಮ್ಮ ಸರ್ ಅವರ ತಮ್ಮ ಕೋಠಿ ಬಜಾರದಿಂದ ನನಗ ಸಕ್ರಿ ಬ್ಯಾನಿ ಗುಳಿಗಿ ತಂದುಕೊಡ್ತಿದ್ದ. ಅವನು ಇದ್ದೇ ಇದ್ದಿಲ್ಲ ಅಂತೀಯೇನೋ ಮೂಳ’ ಅಂತ ಬೈದ್ಲು. ಅವರಿಬ್ಬರದು ಓಣಿಗೆಲ್ಲ ಗೊತ್ತಿತ್ತಂತ್ರಿ.”

ಹದಿನೆಂಟು ವರ್ಷ ನಾನು ಜೋಪಾನ ಮಾಡಿದ ಗುಟ್ಟು!

ಪಾಲಕರ ಸಹಿ ಇಲ್ಲದೆ ಬಂದವರನ್ನು ನಾನು ಸದಾ ಹೊರಗೇ ನಿಲ್ಲಿಸಿದವನು. ಅಂದು ಮೊದಲ ಸಲ ಒಳಗೆ ಕರೆದು ಚಹಾ ಕೊಟ್ಟೆ.