ಬಸವಣ್ಣೆಪ್ಪನ ತೋಟಾಗಳಿಗೆ ಕುಂಕುಮ

ಬಸವಣ್ಣೆಪ್ಪನನ್ನು ಯಾರಾದರೂ 'ಆ ಗನ್ ಹುಚ್ಚ' ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗನ್ನುವವರಲ್ಲಿ ಒಬ್ಬರೂ ಅವನ ಗ್ಯಾರೇಜಿನಲ್ಲಿ ಹತ್ತು ನಿಮಿಷ ಕೂತವರಲ್ಲ. ನಾನು ಕೂತಿದ್ದೇನೆ. ಅವನನ್ನು ಹಾಳು ಮಾಡಿದವನೂ ನಾನೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗದಗಿನ ಕಡೆಯವನು. 2001ರಲ್ಲಿ ಓದಲೆಂದು ಮೆಲ್ಬರ್ನಿಗೆ ಬಂದು, ಕ್ಲೇಟನ್‌ನಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದ. ಇಲ್ಲೇ ನೆಲೆಸಲು ಪಿಆರ್ ಸಿಕ್ಕಿತು, ಓದಿಗೆ ತಕ್ಕ ಕೆಲಸ ಸಿಗಲಿಲ್ಲ. ಆಸ್ಪತ್ರೆಯೊಂದರಲ್ಲಿ ಒಗೆಯುವ ಬಟ್ಟೆಯ ಗಾಡಿ ತಳ್ಳುತ್ತಿದ್ದ. ಅಲ್ಲಿ ಅವನ ಹೆಸರು 'ಬ್ಯಾಝ್'. ಕಾಲೇಜಿನ ಎನ್‌ಸಿಸಿಯಲ್ಲಿ ಬಂದೂಕು ಹಿಡಿದ ಕೈ ಸುಮ್ಮನಿರದೆ ಒಂದು ರೈಫಲ್ ಕ್ಲಬ್ ಸೇರಿಕೊಂಡ. ಈ ದೇಶದಲ್ಲಿ ಅವನ ಹೆಸರನ್ನು ಪೂರ್ತಿಯಾಗಿ ಬರೆಯುತ್ತಿದ್ದದ್ದು ಆ ಕ್ಲಬ್ಬಿನ ಬೋರ್ಡಿನ ಮೇಲೆ ಮಾತ್ರ.

ಅಂಗಡಿಯ ತೋಟಾ ಅವನಿಗೆ ಆಗುತ್ತಿರಲಿಲ್ಲ. ಹಾರಿಸಿದ ಮೇಲೆ ಉಳಿದ ಹಿತ್ತಾಳೆಯ ಕೊಳವೆಗಳನ್ನು ಆರಿಸಿ ತಂದು, ತೊಳೆದು ಒರೆಸಿ, ಮತ್ತೆ ಮದ್ದು ತುಂಬಿ ಗುಂಡು ಕೂರಿಸುತ್ತಿದ್ದ. ಒಂದೊಂದಕ್ಕೂ ಬೇರೆಬೇರೆಯಾಗಿ ಮದ್ದು ತೂಗಬೇಕು. ತೂಗುವಾಗ ಫೋನಿಲ್ಲ, ರೇಡಿಯೋ ಇಲ್ಲ, ಮಾತಿಲ್ಲ.

"ಒಂದ್ ಕಾಳು ಹೆಚ್ಚುಕಮ್ಮಿ ಆದ್ರ, ಎಂಟುನೂರು ಮೀಟರಿನಾಗ ಗೇಣು ತಪ್ಪತೈತೋ ಗಿರೀಶಾ" ಎನ್ನುತ್ತಿದ್ದ.

ಕೆಲಸ ಮುಗಿದ ಮೇಲೆ ರೈಫಲ್ ಒಂದು ಕಬ್ಬಿಣದ ಕಪಾಟಿಗೆ, ತೋಟಾ ಇನ್ನೊಂದಕ್ಕೆ. ಎರಡಕ್ಕೂ ಬೇರೆ ಬೀಗ. ಕಾನೂನು ಹಾಗೆ. ಹೆಂಡತಿ ರುದ್ರಾಣಿಗೂ ಕೀಲಿ ಇಡುವ ಜಾಗ ಗೊತ್ತಿರಲಿಲ್ಲ.

ಕ್ರಾನ್‌ಬರ್ನ್‌ನಲ್ಲಿ ಮನೆ ಮಾಡಿದ ವರ್ಷ, 2006ರಲ್ಲಿ, ಸಿಡ್ನಿಯ ದೊಡ್ಡ ಸ್ಪರ್ಧೆಗೆ ಕ್ಲಬ್ಬಿನವರು ಅವನನ್ನು ಆರಿಸಿದರು. ಚಳಿಗಾಲ ಪೂರ್ತಿ ಕೂತು ನೂರಿಪ್ಪತ್ತು ತೋಟಾ ತಯಾರಿಸಿದ. ಹೊರಡಲು ಹದಿನೈದು ದಿನವಿದೆ ಎನ್ನುವಾಗ ಮಹಾನವಮಿ ಬಂತು.

ಅವತ್ತಿನ ಆಯುಧಪೂಜೆಗೆ ಅವರ ಕಡೆ ಖಂಡೇಪೂಜೆ ಎನ್ನುತ್ತಾರೆ. ನನಗೆ ನಾಲ್ಕು ಮಂತ್ರ ಬರುತ್ತದೆಂಬ ಕಾರಣಕ್ಕೆ ನಾನೇ ಪುರೋಹಿತ. ಹಾಳೂರಿಗೆ ಉಳಿದವನೇ ಗೌಡ. ದೇವರ ಕೋಣೆಯ ಮೇಜಿನ ಮೇಲೆ ಕಾರಿನ ಕೀಲಿ, ಡ್ರಿಲ್ಲು, ಮಧ್ಯದಲ್ಲಿ ರೈಫಲ್, ಅದರ ಮುಂದೆ ತಟ್ಟೆಯಲ್ಲಿ ನೂರಿಪ್ಪತ್ತು ತೋಟಾ. ಕುಂಕುಮ ಇಟ್ಟೆ, ಸೇವಂತಿಗೆ ಏರಿಸಿದೆ. ಮಂಗಳಾರತಿ ಮುಗಿದದ್ದೇ ಅವನು ತಟ್ಟೆಗೆ ಕೈ ಚಾಚಿದ.

"ಕಪಾಟಿನಾಗ ಇಟ್ಟುಬಿಡ್ತೀನಿ."

"ಥೂ, ಏನಯ್ಯಾ ನೀನು? ಪೂಜೆಗೆ ಇಟ್ಟಿದ್ದನ್ನ ದಶಮಿ ಪೂಜೆ ಆಗೋವರೆಗೂ ಯಾರಾದ್ರೂ ಕದಲಿಸ್ತಾರಾ? ನಾಳೆ ಸಂಜೆ ನಾನೇ ಬಂದು ವಿಸರ್ಜನೆ ಮಾಡ್ತೀನಿ."

"ಕಾನೂನು ಐತಲ್ಲೋ."

"ಕೋಣೆ ಬಾಗಿಲು ಹಾಕ್ಕೋ. ಯಾರು ಬಂದು ನೋಡ್ತಾರೆ? ಸಿಡ್ನಿಗೆ ಹೋಗೋ ಮುಂಚೆ ಅಪಶಕುನ ಬೇಕಾ ನಿಂಗೆ?"

ಈ ಕೊನೆಯ ಮಾತು ಅವನಿಗೆ ನಾಟಿತು. ಕೈ ಹಿಂದಕ್ಕೆ ತೆಗೆದುಕೊಂಡ.

ಮರುದಿನ ಸೋಮವಾರ ಅವನು ಶಿಫ್ಟಿಗೆ ಹೋಗಿದ್ದಾಗ ಪೊಲೀಸರು ಬಂದರು. ಬಂದೂಕಿನ ಲೈಸೆನ್ಸ್ ಇದ್ದವರ ಮನೆಯಲ್ಲಿ ಬೀಗ ಸರಿಯಾಗಿದೆಯೇ ಎಂದು ನೋಡುವ ಮಾಮೂಲಿ ತಪಾಸಣೆ. ಮುಚ್ಚಿಡುವುದೇನಿದೆ ಎಂದುಕೊಂಡ ರುದ್ರಾಣಿ, ಬೂಟು ಬಿಚ್ಚಿ ಬನ್ನಿ ಎಂದು ಹೇಳಿ ದೇವರ ಕೋಣೆಯ ಬಾಗಿಲನ್ನು ತಾನೇ ತೆರೆದಳು. ಮದ್ದು ತುಂಬಿದ ತೋಟಾಗಳ ಮಗ್ಗುಲಲ್ಲೇ ದೀಪ ಉರಿಯುತ್ತಿತ್ತು. ಅವರು ಹೂವಿನ ಸಮೇತ ಎಲ್ಲವನ್ನೂ ತೆಗೆದುಕೊಂಡು ಹೋದರು.

ಲೈಸೆನ್ಸ್ ಅಮಾನತಾಯಿತು. ಸಿಡ್ನಿಗೆ ಬೇರೊಬ್ಬ ಹೋದ. ಪೂರ್ತಿ ರದ್ದಾಗದಂತೆ ಮನವಿ ಮಾಡಿಕೊಳ್ಳಲು ಮಾತ್ರ ಅವಕಾಶವಿತ್ತು. ಬಸವಣ್ಣೆಪ್ಪ ನನ್ನ ಮನೆಗೆ ಬಂದು ಕೂತ.

"ಒಂದ್ ಕಾಗದ ಬರದು ಕೊಡು ಗಿರೀಶಾ. ಇದು ನಮ್ಮ ಪದ್ಧತಿ, ಪೂಜಿ ಮಾಡಿದಾಂವ ನಾನ, ಕದಲಿಸಬ್ಯಾಡ ಅಂದಾಂವನೂ ನಾನ, ಅಂತ. ಇದ್ದದ್ದ ಬರಿ. ಅಷ್ಟ ಸಾಕು."

ನನ್ನ ಸಿಟಿಜನ್‌ಶಿಪ್ ಅರ್ಜಿ ಆಗಷ್ಟೇ ಹೋಗಿತ್ತು. ಬಂದೂಕು, ಪೊಲೀಸು, ಆ ಫೈಲಿನಲ್ಲಿ ನನ್ನ ಹೆಸರು! "ನೋಡೋಣ" ಎಂದೆ. ಎರಡು ಸಲ ಫೋನ್ ಮಾಡಿದ. ಎರಡು ಸಲವೂ ನೋಡೋಣ ಎಂದೆ. ಮೂರನೆಯ ಸಲ ಮಾಡಲಿಲ್ಲ. ವಿಚಾರಣೆಗೆ ಒಬ್ಬನೇ ಹೋಗಿ ಸೋತು ಬಂದ. ಗೆಳೆಯ ಹೇಳಿದ್ದಕ್ಕೆ ಬಿಟ್ಟೆ ಎಂದು ಕೂಡ ಅಲ್ಲಿ ಬಾಯಿ ಬಿಡಲಿಲ್ಲವಂತೆ. ರುದ್ರಾಣಿ ನನ್ನ ಮುಖ ನೋಡದೆ ಇದನ್ನು ಹೇಳಿದಳು. ನಾನು ಹೇಡಿ, ಬೇರೆ ಮಾತಿಲ್ಲ.

ಆಮೇಲೆ ಅವನು ಕೆಲಸ ಮುಗಿಸಿ ಬಂದು ಗ್ಯಾರೇಜಿನಲ್ಲಿ ಕೂರುತ್ತಿದ್ದನಂತೆ, ಫೋನಿಲ್ಲದೆ, ರೇಡಿಯೋ ಇಲ್ಲದೆ. ತೂಗುವುದಕ್ಕೆ ಏನೂ ಇರಲಿಲ್ಲ. ಕ್ಲಬ್ಬಿನ ಬೋರ್ಡಿನಿಂದ ಹೆಸರು ಹೋಯಿತು, ಬ್ಯಾಝ್ ಒಬ್ಬ ಉಳಿದ.

ಮುಂದಿನ ವರ್ಷದ ಮಹಾನವಮಿಗೆ ಅವನ ಫೋನ್ ಬಂತು: "ಪೂಜಿಗೆ ಬಾ." ಹೋದೆ. ನಾನಾಗ ಸಿಟಿಜನ್. ಮೇಜಿನ ಮೇಲೆ ಒಂದು ಸ್ಕ್ರೂಡ್ರೈವರ್, ಈಳಿಗೆಮಣೆ, ಅಡುಗೆಮನೆಯ ಚಾಕು ಇದ್ದವು. ಒಂದೊಂದಕ್ಕೂ ಕುಂಕುಮ ಇಟ್ಟೆ. ಮಂಗಳಾರತಿ ಮುಗಿದ ಮೇಲೆ ಅವನು ಕಣ್ಣಿಗೊತ್ತಿಕೊಂಡು ನನ್ನ ಕಡೆ ತಿರುಗಿದ. ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಾಳೆ ಸಂಜಿ ಮಟ ಕದಲಿಸಬಾರದು, ಹೌದಲ್ಲೋ?"

ನಾನು ಕುಂಕುಮದ ಬಟ್ಟಲು ಮುಚ್ಚಿಟ್ಟೆ. ಅವನು ರುದ್ರಾಣಿಗೆ ಹೇಳಿದ: "ಚಾಕು ಮುಟ್ಟಬ್ಯಾಡ. ರಾತ್ರಿಗೆ ಮಧ್ಯಾಹ್ನದ ಸಾರ ಸಾಕು." ಆಮೇಲೆ ಕೋಣೆಯ ಬಾಗಿಲು ಎಳೆದು, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದ.