ಭತ್ತದ ಅಂಚಿಗೆ ಕೂಗಿದ ಕ್ಯಾಮೆರಾ

ಕಾರಿನ ಮುಂದಿನ ಗಾಜಿಗೆ ನಾನು ಕೊಟ್ಟದ್ದು ಆರು ಸಾವಿರ. ಕಂಪನಿ ಗಾಜಿಗೆ ಅದರ ಮೂರು ಪಟ್ಟು ಹೇಳಿದರು. ಹಾಗಾಗಿ ರಾಯಚೂರಿನಲ್ಲಿ ಚೌಕಾಸಿ ಮಾಡಿ ಅಗ್ಗದ್ದು ಹಾಕಿಸಿದೆ. ಗಾಜಿನ ಹಿಂದೆ ಪುಟ್ಟ ಕ್ಯಾಮೆರಾ ಒಂದಿದೆ. ಕಾರು ರಸ್ತೆಯ ಬಿಳಿ ಗೆರೆ ದಾಟಿದರೆ ಅದು ಕುಂಯ್ ಎಂದು ಕೂಗಿ ಸ್ಟೇರಿಂಗ್ ನಡುಗಿಸುತ್ತದೆ. ಗಾಜು ಬದಲಿಸಿದರೆ ಕ್ಯಾಮೆರಾವನ್ನೂ ಮತ್ತೆ ಹೊಂದಿಸಬೇಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದೆವ್ವ, ಭೂತ ಎಂದವರನ್ನು ನಕ್ಕು ಕಳಿಸಿದವನು ನಾನು. ನಡೆದಷ್ಟನ್ನೇ ಹೇಳುತ್ತೇನೆ.

ಗಾಜು ಹಾಕಿಸಿದ ಮೇಲೆ, ರಸ್ತೆಯಲ್ಲಿ ಭತ್ತ ಒಣಹಾಕಿದ ಕಡೆಯೆಲ್ಲ ಕಾರು ಕೂಗತೊಡಗಿತು. ರಾಯಚೂರಿನ ಮೆಕ್ಯಾನಿಕ್ ಖಾಜಾ ನೋಡಿ ನಕ್ಕ. "ಸಾವ್ಕಾರ್ರ, ಭತ್ತದ ಅಂಚನ್ನ ಗೆರಿ ಅಂತ ತಿಳ್ಕೊಂಡದ ಇದು. ನಿಮ್ಮಂಗ ನೋಡಿ ಗುರ್ತ ಹಿಡಿಯೋ ಪಾರಖ ಇಲ್ಲ ಇದಕ್ಕ."

ನನಗೆ ನಗು ಬರಲಿಲ್ಲ. ನನ್ನ ಹೆಂಡತಿ ಶರಣಮ್ಮ ಸಿರವಾರದ ಕಡೆಯ ಒಕ್ಕಲುತನದ ಮನೆಯವಳು. ಗಾಲಿ ಭತ್ತದ ಹತ್ತಿರ ಹೋದರೆ ಸಾಕು, ಪಕ್ಕದ ಸೀಟಿನಿಂದ ಬಳೆಗೈಯಲ್ಲಿ ಡ್ಯಾಶ್‌ಬೋರ್ಡ್ ಕುಟ್ಟುತ್ತಿದ್ದಳು. "ಅನ್ನದ ಮ್ಯಾಲ ಹಾಯಿಸ್ತೀರೇನ್ರೀ? ಆ ಕಡಿ ಹೊಡೀರಿ!" ಅವಳು ತೀರಿಕೊಂಡ ಮೇಲೆ ಆ ಸೀಟಿನಲ್ಲಿ ನನ್ನ ಬುತ್ತಿ ಕೂರುತ್ತದೆ.

"ಬಾಯಿ ಮುಚ್ಚಿಸು ಇದರದ್ದು," ಎಂದೆ. ಖಾಜಾ ಕ್ಯಾಮೆರಾದ ವೈರ್ ಕಿತ್ತು, ಮೇಲೆ ಕರಿ ಟೇಪ್ ಅಂಟಿಸಿದ. "ಇನ್ನ ಸತ್ರೂ ಕೂಗಂಗಿಲ್ಲ."

ಒಬ್ಬನೇ ಇರುವವನಿಗೆ ಇಷ್ಟು ದೊಡ್ಡ ಕಾರು ಯಾಕೆಂದು ಮಾರಲು ನಿಂತೆ. ಮಾನ್ವಿಯ ವ್ಯಾಪಾರಿಯೊಬ್ಬರು ನಾನು ಹೇಳಿದ ರೇಟಿಗೇ ಒಪ್ಪಿದರು. ಕಾರು ಒಪ್ಪಿಸಲು ದೇವದುರ್ಗದಿಂದ ಮಧ್ಯಾಹ್ನ ಹೊರಟೆ. ಸಿರವಾರ ದಾಟಿದ ಮೇಲೆ, ಗೆರೆಯೂ ಇಲ್ಲದ ಬರಿಯ ರಸ್ತೆಯಲ್ಲಿ ಸ್ಟೇರಿಂಗ್ ನಡುಗಿತು. ಕುಂಯ್!

ನಿಲ್ಲಿಸಿದೆ. ಟೇಪ್ ಅಂಟಿಸಿದಂತೆಯೇ ಇತ್ತು, ವೈರ್ ಜೋತಾಡುತ್ತಿತ್ತು. ರಸ್ತೆ ಬದಿಯಲ್ಲಿ ಕಾಳು ಗುಡಿಸುತ್ತಿದ್ದ ಹೆಂಗಸು ಕೇಳಿದಳು:

"ಯಾಕ ನಿಂತೀರಿ ಯಪ್ಪಾ, ಟೈರ್ ಹೋತೇನು?"

"ಇಲ್ಲಿ ಭತ್ತ ಇತ್ತೇನವ್ವಾ?"

"ನಿನ್ನಿ ಎತ್ತೀವಿ. ಕೊಳ್ಳಾಕ ಬಂದೀರೇನ್ರೀ?"

ಏನನ್ನು ಕೇಳಿದರೂ ರೇಟ್ ಹೇಳುವ ನಾನು ಇಲ್ಲವೆಂದು ತಲೆಯಾಡಿಸಿದೆ. ಪಕ್ಕದ ಸೀಟು ನೋಡಿ, ಕಾರನ್ನು ಮನೆಯ ಕಡೆ ತಿರುಗಿಸಿದೆ. ಮಾನ್ವಿಯವರು ಫೋನಿನಲ್ಲಿ, "ರೇಟ್ ಕಮ್ಮಿ ಆತೇನ್ರೀ? ಇನ್ನೊಂದಿಷ್ಟು ಏರಿಸ್ತೀನಿ" ಎಂದರು. ಬೇಡವೆಂದೆ.

ವೈರ್ ಇಲ್ಲದೆ ಕೂಗುವುದು ಸಾಧ್ಯವೇ ಇಲ್ಲ ಎನ್ನುತ್ತಾನೆ ಖಾಜಾ. ಅವನ ಮಾತೂ ನಿಜ, ನಾನು ಕೇಳಿದ್ದೂ ನಿಜ. ಆಮೇಲೆ ಅದು ಒಮ್ಮೆಯೂ ಕೂಗಿಲ್ಲ. ಆ ಜಾಗ ಬಂದಾಗ ಕಾಯುತ್ತೇನೆ.

ನಿಮಗೆ ಹೇಳುವುದಿಷ್ಟೇ. ಗಾಜು ಬದಲಿಸುವ ಮುಂಚೆ ಕ್ಯಾಮೆರಾ ಹೊಂದಿಸುವ ಖರ್ಚೂ ಕೇಳಿ, ಅದರಲ್ಲಿ ಚೌಕಾಸಿ ಬೇಡ. ರಸ್ತೆಯ ಮೇಲೆ ಭತ್ತ ಕಂಡರೆ, ಪಕ್ಕದಲ್ಲಿ ಹೇಳುವವರು ಇರಲಿ ಬಿಡಲಿ, ಗಾಲಿ ಆಚೆಗೆ ತಿರುಗಿಸಿ.